ಬ್ಯಾರಿಕೇಡ್ ಹಿಡಿದು ನಿಂತರೂ ಹಾಡು ಯಾಕೆ ಕೇಳಲಿಲ್ಲ?

ಪ್ರಶ್ನೆ: ನಾನು ಶಿರಸಿಯವಳು, ವಯಸ್ಸು 27, ಸಹಕಾರಿ ಸಂಘವೊಂದರಲ್ಲಿ ಕೆಲಸ. ಹೈಸ್ಕೂಲಿನಲ್ಲಿದ್ದಾಗಿನಿಂದ ಒಬ್ಬ ಪಾಪ್ ಗಾಯಕರ ಕಟ್ಟಾ ಅಭಿಮಾನಿ. ಕಳೆದ ತಿಂಗಳು ಬೆಂಗಳೂರಿನಲ್ಲಿ ಅವರ ಲೈವ್ ಕಾರ್ಯಕ್ರಮ ಇತ್ತು. ಕೂಡಿಟ್ಟ ದುಡ್ಡೆಲ್ಲ ಹಾಕಿ ಸ್ಟೇಜಿಗೆ ತಾಗಿದ ಜಾಗದ ಟಿಕೆಟ್ ತೆಗೆದೆ, ಮಧ್ಯಾಹ್ನ ಎರಡಕ್ಕೇ ಹೋಗಿ ಬ್ಯಾರಿಕೇಡ್ ಹಿಡಿದು ನಿಂತೆ. ಆದರೆ ಹಾಡಿನ ಮಾತುಗಳೇ ಕೇಳಲಿಲ್ಲ, ಬರೀ ಎದೆಗೆ ಗುದ್ದುವ ಧಡ್ ಧಡ್. ಮೊಬೈಲಿನಲ್ಲಿ ತೆಗೆದ ವಿಡಿಯೊ ಎಲ್ಲ ಗೊರಗೊರ. ಎರಡು ದಿನ ಕಿವಿಯಲ್ಲಿ ಗುಂಯ್. ಹಿಂದೆ ಎಲ್ಲೋ ನಿಂತಿದ್ದ ಗೆಳತಿ ‘ತುಟಿಗೂ ಹಾಡಿಗೂ ಹೊಂದಾಣಿಕೆಯೇ ಇರಲಿಲ್ಲ, ಅದು ರೆಕಾರ್ಡು ಹಾಕಿದ್ದು’ ಎನ್ನುತ್ತಾಳೆ. ಊರಿಗೆ ಬಂದು ನೆನಪು ಮಾಡಿಕೊಂಡರೆ ಅರ್ಧ ಹಾಡುಗಳು ನೆನಪಿಗೇ ಬರುತ್ತಿಲ್ಲ. ಈಗ ಅವರು ಕಾರವಾರದ ಕಡಲತೀರಕ್ಕೆ ಬರುತ್ತಾರಂತೆ. ಹೋಗಲೋ ಬೇಡವೋ? ಹೋದರೆ ಎಲ್ಲಿ ನಿಲ್ಲಲಿ? ಕೊನೆಯದೊಂದು, ನಗಬೇಡಿ: ಒಂದು ಹಾಡಿನ ನಡುವೆ ಅವರು ನನ್ನನ್ನೇ ನೋಡಿ ಕೈ ಎತ್ತಿದರು ಅನ್ನಿಸಿತು. ಅವರಿಗೆ ನಾನು ಕಂಡಿರಬಹುದಾ?

ಉತ್ತರ: ನಗಲಿಲ್ಲ. ಇಪ್ಪತ್ತೆರಡು ವರ್ಷ ಲೈವ್ ಸೌಂಡಿನ ಕೆಲಸ ಮಾಡಿದವನಿಗೆ ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಒಳ್ಳೆಯದು ಅನ್ನಿಸಿತು. ಅದಕ್ಕೆ ಉತ್ತರವೂ ಇದೆ. ಆದರೆ ಮೊದಲು ಕಿವಿ.

ಎರಡು ದಿನ ಗುಂಯ್ ಅಂದಿತು ಎಂದಿರಿ. ಈಗ ಪೂರ್ತಿ ನಿಂತಿದ್ದರೆ ಬಚಾವಾದಿರಿ. ರಾತ್ರಿ ಮಲಗುವಾಗ ಇನ್ನೂ ಸಣ್ಣಗೆ ಕೇಳುತ್ತಿದ್ದರೆ, ಅಥವಾ ಫೋನನ್ನು ಆ ಕಿವಿಯಿಂದ ಈ ಕಿವಿಗೆ ಬದಲಿಸಿದಾಗ ಒಂದು ಕಡೆ ಮಂದ ಅನ್ನಿಸಿದರೆ, ಇಎನ್‌ಟಿ ವೈದ್ಯರ ಬಳಿ ಹೋಗಿ ಆಡಿಯೋಗ್ರಾಂ, ಅಂದರೆ ಕೇಳುವ ಶಕ್ತಿಯ ಪರೀಕ್ಷೆ, ಮಾಡಿಸಿ. ಮುಂದೆ ಎಂದಾದರೂ ದೊಡ್ಡ ಸದ್ದಿನ ಮರುದಿನ ಒಂದು ಕಿವಿ ಫಕ್ಕನೆ ಮುಚ್ಚಿಕೊಂಡ ಹಾಗಾದರೆ ದಿನ ಎಣಿಸುತ್ತ ಕೂರಬೇಡಿ. ಔಷಧ ಹಿಡಿಯುವುದು ಮೊದಲ ಕೆಲವು ದಿನಗಳಲ್ಲೇ.

ಒಳಗಿವಿಯ ಸುರುಳಿಯಲ್ಲಿ ಸುಮಾರು 15,000 ಕೂದಲಿನಂಥ ಕೋಶಗಳಿವೆ. ಗದ್ದೆಯಲ್ಲಿ ಒಮ್ಮೆ ಹಾದುಹೋದರೆ ಪೈರು ವಾಲಿ ಮರುದಿನ ಎದ್ದು ನಿಲ್ಲುತ್ತದಲ್ಲ, ನಿಮಗಾದದ್ದು ಅದು. ಅದೇ ಜಾಗದಲ್ಲಿ ದಿನಾ ಓಡಾಡಿದರೆ ಕಾಲುದಾರಿ ಬೀಳುತ್ತದೆ, ಮತ್ತೆ ಅಲ್ಲಿ ಏನೂ ಬೆಳೆಯುವುದಿಲ್ಲ. ನಮ್ಮ ಕಸುಬಿನಲ್ಲಿ ಬಳಸುವ ಲೆಕ್ಕ ಹೀಗೆ: 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಆ ಹೊತ್ತು ಅರ್ಧಕ್ಕಿಳಿಯುತ್ತದೆ. ಹಾಗೆ ಇಳಿಸುತ್ತ ಹೋದರೆ 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಹಾಕಿದ ಗೆರೆಯೂ 100 ಡೆಸಿಬಲ್ ಸರಾಸರಿಯದ್ದೇ. ಸಬ್ ಪೆಟ್ಟಿಗೆಗಳ, ಅಂದರೆ ಕೆಳಸ್ವರದ ದೊಡ್ಡ ಸ್ಪೀಕರುಗಳ, ಬಾಯಿಗೆ ಬಾಯಿ ಕೊಟ್ಟು ನಿಂತವರ ಮೀಟರಿನಲ್ಲಿ ಆ ಗೆರೆ ಮೊದಲ ಹಾಡಿಗೇ ದಾಟಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೀವು ಅಲ್ಲಿ ಇಡೀ ಕಾರ್ಯಕ್ರಮ ನಿಂತಿದ್ದೀರಿ.

ಹಾಗಾಗಿ ಕಾರವಾರಕ್ಕೆ ಹೋಗುವುದಾದರೆ ಇಯರ್‌ಪ್ಲಗ್ ಇಲ್ಲದೆ ಮನೆ ಬಿಡಬೇಡಿ. ಔಷಧದಂಗಡಿಯಲ್ಲಿ ಸಿಗುವ ಫೋಮಿನದ್ದೂ ಆಗುತ್ತದೆ. ಬೆರಳಲ್ಲಿ ಹೊಸೆದು ಬತ್ತಿಯಂತೆ ಸಣ್ಣ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಹಿಡಿದು ಒಳಗಿಟ್ಟು, ಅದು ಉಬ್ಬಿ ಕೂರುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಹೆಚ್ಚಿನವರು ಬಾಗಿಲಲ್ಲೇ ಸಿಕ್ಕಿಸಿ ‘ಏನೂ ಪ್ರಯೋಜನ ಇಲ್ಲ’ ಎಂದು ಕಿತ್ತು ಬಿಸಾಡುತ್ತಾರೆ. ದುಡ್ಡು ಇದ್ದರೆ ಸಂಗೀತಗಾರರ ಪ್ಲಗ್ ತರಿಸಿ, ಅದು ಎಲ್ಲ ಸ್ವರವನ್ನೂ ಸಮನಾಗಿ ಇಳಿಸುತ್ತದೆ, ಹಾಡು ಕಂಬಳಿಯೊಳಗಿಂದ ಬಂದಂತೆ ಆಗುವುದಿಲ್ಲ. ಹತ್ತಿ ಮಾತ್ರ ಬೇಡ. ತೀಕ್ಷ್ಣ ಸ್ವರವನ್ನು ಚೂರು ತಡೆದು, ಉಳಿದದ್ದನ್ನೆಲ್ಲ ಒಳಗೆ ಬಿಡುತ್ತದೆ.

ಈಗ ಮುಖ್ಯ ವಿಷಯ. ನಮ್ಮಪ್ಪ ಯಕ್ಷಗಾನದ ಹಾಡುಗಾರ ಕಾಳಿಂಗ ನಾವಡರ ಹುಚ್ಚು ಅಭಿಮಾನಿ. 1990ರಲ್ಲಿ, ಮೂವತ್ತರ ಆಸುಪಾಸಿನ ವಯಸ್ಸಿನಲ್ಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡ ಆ ಭಾಗವತರ ಪದ್ಯ ಕೇಳಲು ಸೈಕಲ್ ಹೊಡೆದುಕೊಂಡು ಊರೂರು ತಿರುಗಿದವರು ಬಡಗಿನ ಸೀಮೆಯಲ್ಲಿ ಬೇಕಾದಷ್ಟು ಜನ. ಅಭಿಮಾನಿ ಅಂದರೆ ಈಗಿನ ಕಾಲದ ಹುಡುಗ ಹುಡುಗಿಯರು ಮಾತ್ರ ಅಂತ ಯಾರಾದರೂ ನಿಮಗೆ ಉಪದೇಶ ಮಾಡಿದರೆ ಅವರ ಅಜ್ಜನನ್ನು ಕೇಳಿ ನೋಡಲಿ. ಟೆಂಟಿನ ಆಟಕ್ಕೆ ಅಪ್ಪ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ನಾನು ರಂಗಸ್ಥಳದ ಎದುರೇ ಕೂರಬೇಕೆಂದು ಹಟ ಮಾಡಿದರೆ ಆತ ಒಂದೇ ಮಾತು ಹೇಳುತ್ತಿದ್ದ: ‘ವೇಷ ನೋಡೋದಾದ್ರೆ ಮುಂದೆ ಕೂರು, ಪದ್ಯ ಕೇಳೋದಾದ್ರೆ ಹಿಂದೆ ಬಾ.’ ಮುಂದೆ ಕೂತರೆ ಚಂಡೆಯೇ ಕಿವಿ ತುಂಬುತ್ತದೆ. ಆತನ ಜಾಗ ನಡುವಿನ ಕಂಬದ ಬುಡ. ಟಿಕೆಟ್ ಯಾವ ದರ್ಜೆಯದ್ದಾದರೂ ಹೇಗೋ ಮಾಡಿ ಅಲ್ಲಿಗೇ ಹೋಗಿ ಕೂರುತ್ತಿದ್ದ. ಅಕೌಸ್ಟಿಕ್ಸ್ ಎಂಬ ಶಬ್ದ ಆತನಿಗೆ ಗೊತ್ತಿರಲಿಲ್ಲ. ನಾನು ಮುಂದೆ ಪುಸ್ತಕ ಓದಿ, ಮೀಟರ್ ಹಿಡಿದು ಕಲಿತದ್ದು ಬಹುಪಾಲು ಅದೇ ಕಂಬದ ಬುಡದ ಪಾಠ.

ದೊಡ್ಡ ಸ್ಟೇಜಿನ ಎರಡೂ ಬದಿಯಲ್ಲಿ ಬಾಳೆಗೊನೆ ಹಾಗೆ ಇಳಿಬಿಟ್ಟ ಸ್ಪೀಕರ್ ಸಾಲು ನೋಡಿರುತ್ತೀರಿ. ಅದಕ್ಕೆ ಲೈನ್ ಅರೇ ಅನ್ನುತ್ತಾರೆ. ಗಾಯಕರ ಧ್ವನಿ ಜನರ ತಲೆಯ ಮೇಲಿಂದ ಹಾದು ದೂರಕ್ಕೆ ಹೋಗಲಿ ಎಂದೇ ಅದನ್ನು ಮೇಲೆ ಕಟ್ಟುವುದು. ಮನುಷ್ಯರ ಮೈ, ಬಟ್ಟೆ ತೀಕ್ಷ್ಣ ಸ್ವರಗಳನ್ನು ಹೀರಿಕೊಳ್ಳುತ್ತವೆ, ಕೆಳಗಿಟ್ಟರೆ ಮೂರನೇ ಸಾಲಿಗೇ ಹಾಡು ಮುಗಿಯಿತು. ಗೊನೆಯ ತುದಿಯ ಒಂದೆರಡು ಪೆಟ್ಟಿಗೆಗಳು ಬಾಗಿ ಕೆಳಗೆ ನೋಡುತ್ತವೆ ನಿಜ, ಆದರೂ ಸ್ಟೇಜಿನ ನಟ್ಟನಡುವೆ ಬ್ಯಾರಿಕೇಡ್ ಹಿಡಿದು ನಿಂತವರು ಎರಡೂ ಗೊನೆಗಳ ಸಂದಿಯಲ್ಲಿ ಉಳಿದುಬಿಡುತ್ತಾರೆ. ಆ ಸಂದಿ ತುಂಬಲೆಂದು ಸ್ಟೇಜಿನ ಅಂಚಿನಲ್ಲಿ ಪುಟ್ಟ ಪೆಟ್ಟಿಗೆಗಳನ್ನು ಇಡುತ್ತೇವೆ. ಹೂವಿನ ಕುಂಡ ಇಡುವವರು, ಬ್ಯಾನರ್ ಕಟ್ಟುವವರು ಬಂದು ಮೊದಲು ಮುಚ್ಚುವುದು ಅವನ್ನೇ.

ಇನ್ನು ನಿಮ್ಮ ಧಡ್ ಧಡ್. ಸಬ್ ಎಂಬ ದೊಡ್ಡ ಪೆಟ್ಟಿಗೆಗಳು ನೆಲದ ಮೇಲೆ, ಸ್ಟೇಜಿನ ಎದುರು, ಅಂದರೆ ಹೆಚ್ಚುಕಡಿಮೆ ನಿಮ್ಮ ಮೊಣಕಾಲಿನ ಮುಂದೆ ಇರುತ್ತವೆ. ಒಂದೇ ಪೆಟ್ಟಿಗೆಯ ಲೆಕ್ಕ ಹಿಡಿದರೆ 3 ಮೀಟರ್‌ನಲ್ಲಿ ನಿಂತವರಿಗೂ 30 ಮೀಟರ್‌ನಲ್ಲಿ ನಿಂತವರಿಗೂ 20 ಡೆಸಿಬಲ್ ವ್ಯತ್ಯಾಸ. ಸಾಲಾಗಿ ಇಟ್ಟಾಗ ಅಂತರ ಅಷ್ಟಿರುವುದಿಲ್ಲ, ಆದರೂ ಮುಂದಿನವರಿಗೆ ಗುದ್ದು ಗ್ಯಾರಂಟಿ. ಕಿವಿಯ ಇನ್ನೊಂದು ಸ್ವಭಾವ ಏನೆಂದರೆ ಕೆಳಸ್ವರ ಜೋರಾದಾಗ ಅದು ಮೇಲಿನ ಸ್ವರಗಳನ್ನು ನುಂಗಿಹಾಕುತ್ತದೆ. ಸ, ತ, ಕ, ಚ ಇಂಥ ಅಕ್ಷರಗಳ ಗುರುತು ಇರುವುದೆಲ್ಲ ಮೇಲಿನ ಸ್ವರದಲ್ಲಿ. ನಿಮಗೆ ರಾಗ ಅಲ್ಪಸ್ವಲ್ಪ ಸಿಕ್ಕಿ, ಮಾತು ಸಿಗದೆ ಹೋದದ್ದು ಅದಕ್ಕೇ. ಹಿಂದಿನ ಕಾಲದಲ್ಲಾದರೆ ಗಾಯಕರ ಕಾಲಬುಡದಲ್ಲಿ ಅವರ ಹಾಡು ಅವರಿಗೇ ಕೇಳಲೆಂದು ಮಾನಿಟರ್ ಪೆಟ್ಟಿಗೆ ಇರುತ್ತಿತ್ತು, ಅದರ ಧ್ವನಿಯಾದರೂ ಮುಂದಿನ ಸಾಲಿಗೆ ಬೀಳುತ್ತಿತ್ತು. ಈಗ ಹೆಚ್ಚಿನವರು ಕಿವಿಯೊಳಗೇ ಮಾನಿಟರ್ ಹಾಕಿಕೊಳ್ಳುತ್ತಾರೆ, ಅದೂ ಹೋಯಿತು. ಇಡೀ ಮೈದಾನದಲ್ಲಿ ಗಾಯಕರ ಧ್ವನಿ ಎಲ್ಲಕ್ಕಿಂತ ಕಡಿಮೆ ಸಿಗುವ ಜಾಗಗಳಲ್ಲಿ ಒಂದಕ್ಕೆ ನೀವು ಎಲ್ಲಕ್ಕಿಂತ ಹೆಚ್ಚು ದುಡ್ಡು ಕೊಟ್ಟು ನಿಂತಿರಿ.

ಗೆಳತಿಯ ಮಾತಿಗೆ ಬರೋಣ. ಅವರು ಹಿಂದೆ ಎಷ್ಟು ದೂರ ನಿಂತಿದ್ದರು? 100 ಮೀಟರ್ ಅಂದುಕೊಳ್ಳಿ. ನಮ್ಮ ಹವೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ಅಂದರೆ ಗಾಯಕರ ತುಟಿ ಅಲುಗಿದ್ದು ಕಂಡ ಮೇಲೆ, ಹತ್ತಿರ ಹತ್ತಿರ ಸೆಕೆಂಡಿನ ಮೂರನೇ ಒಂದು ಭಾಗ ಕಳೆದು ಧ್ವನಿ ಬರುತ್ತದೆ. ಅಘನಾಶಿನಿಯ ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುವುದನ್ನು ಈಚೆಯಿಂದ ನೋಡಿದ್ದರೆ ಇದು ಹೊಸದಲ್ಲ: ಬಟ್ಟೆ ಮತ್ತೆ ಮೇಲೇಳುವಾಗ ಪಟ್ ಎಂಬ ಸದ್ದು ಬರುತ್ತದೆ. ಒಗೆಯುವವರು ರೆಕಾರ್ಡ್ ಹಾಕಿಕೊಂಡಿದ್ದಾರೆ ಎಂದು ಯಾರೂ ಹೇಳುವುದಿಲ್ಲ. ಮೈದಾನದ ನಡುವೆ ನಿಲ್ಲಿಸುವ ಟವರ್ ಸ್ಪೀಕರುಗಳೂ ಇದನ್ನು ಸರಿಮಾಡಲಾರವು. ಸ್ಟೇಜಿನಿಂದ ಬರುವ ಸದ್ದಿನ ಜೊತೆ ಎರಡೆರಡಾಗಿ ಕೇಳಬಾರದೆಂದು ಅವನ್ನು ನಾವೇ ಬೇಕೆಂದು ತಡಮಾಡಿ ಹಾಡಿಸುತ್ತೇವೆ.

ಎಲ್‌ಇಡಿ ಪರದೆಯ ಕತೆ ಇನ್ನೂ ಮಜಾ. ಕ್ಯಾಮೆರಾದಿಂದ ಪರದೆಗೆ ಚಿತ್ರ ಹೋಗುವಷ್ಟರಲ್ಲಿ ಸಾಮಾನ್ಯವಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡವಾಗುತ್ತದೆ. ಮುಂದೆ ನಿಂತವರಿಗೆ ಸದ್ದು ಮೊದಲು, ಚಿತ್ರ ಆಮೇಲೆ. ತುಂಬ ಹಿಂದಿನವರಿಗೆ ಚಿತ್ರ ಮೊದಲು, ಸದ್ದು ಆಮೇಲೆ. ಸುಮಾರು 35 ಮೀಟರಿನಲ್ಲಿ ಎರಡೂ ತಡ ಒಂದಕ್ಕೊಂದು ಹೊಂದಿ ತುಟಿಯೂ ಹಾಡೂ ಒಟ್ಟಿಗೆ ಬರುತ್ತವೆ. ಈ 35 ಮೀಟರ್ ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಹಾಗಾದರೆ ಅವರು ನಿಜಕ್ಕೂ ಹಾಡಿದರಾ? ಬಹುಶಃ ಹೌದು, ಮತ್ತು ಅದನ್ನು ಪರೀಕ್ಷೆ ಮಾಡುವ ಸಾಧನ ನಿಮ್ಮ ಕೈಯಲ್ಲೇ ಇದೆ. ಆ ಗೊರಗೊರ ವಿಡಿಯೊ ಅಳಿಸಬೇಡಿ. ಧ್ವನಿ ಒಡೆದರೂ ಶ್ರುತಿ ಒಡೆಯುವುದಿಲ್ಲ. ಅದೇ ಹಾಡಿನ ಮೂಲ ರೆಕಾರ್ಡಿಂಗನ್ನು ಪಕ್ಕದಲ್ಲಿಟ್ಟು ಕೇಳಿ, ಹಾರ್ಮೋನಿಯಂ ಗೊತ್ತಿರುವವರು ಯಾರಾದರೂ ಮನೆಯಲ್ಲಿದ್ದರೆ ಇನ್ನೂ ಸುಲಭ. ಎರಡು ಗಂಟೆ ಹಾಡಬೇಕಾದ ಗಾಯಕರು ಮೇಲಿನ ಸ್ಥಾಯಿಯ ಹಾಡುಗಳನ್ನು ಅರ್ಧ ಮನೆಯೋ ಒಂದು ಮನೆಯೋ, ಅಂದರೆ ಹಾರ್ಮೋನಿಯಂನಲ್ಲಿ ಒಂದೆರಡು ಕೀಲಿಯಷ್ಟು, ಇಳಿಸಿಕೊಂಡು ಹಾಡುವುದು ಮಾಮೂಲು. ಶ್ರುತಿ ಇಳಿದಿದ್ದರೆ ಅದು ಮೂಲ ರೆಕಾರ್ಡನ್ನು ಹಾಗೇ ಹಾಕಿದ್ದಂತೂ ಅಲ್ಲ. ಸಾಲಿನ ಕೊನೆಯಲ್ಲಿ ಉಸಿರು ಸಾಲದೆ ಸ್ವರ ಸಣ್ಣಗಾದದ್ದು, ಮೈಕು ಬಾಯಿಂದ ದೂರ ಹೋದಾಗ ಧ್ವನಿ ತೆಳುವಾದದ್ದು ಸಿಕ್ಕರೆ ಇನ್ನೂ ಖಾತ್ರಿ. ಓಡಿ, ಕುಣಿದು, ಮೈಕು ಸೊಂಟಕ್ಕಿಳಿದರೂ ಧ್ವನಿ ಅಲ್ಲಾಡದೆ ನಿಂತಿದ್ದರೆ ಮಾತ್ರ ನಿಮ್ಮ ಗೆಳತಿಗೆ ಒಂದು ಐಸ್‌ಕ್ರೀಂ ಕೊಡಿಸಿ.

ನಡುವಿನ ಸಂಗತಿಗಳೂ ಇವೆ. ಹಿಂದಿನ ಕೋರಸ್, ತಂತಿವಾದ್ಯದ ಹಿನ್ನೆಲೆ, ಕೆಲವು ಸಲ ಗಾಯಕರದ್ದೇ ಎರಡನೇ ಧ್ವನಿ ಕಂಪ್ಯೂಟರಿನಿಂದ ಬರುತ್ತದೆ, ತಾಳ ತಪ್ಪದಿರಲೆಂದು ಡ್ರಮ್ಮರಿನ ಕಿವಿಯಲ್ಲಿ ಟಿಕ್ ಟಿಕ್ ಎಂಬ ಕ್ಲಿಕ್ ಓಡುತ್ತಿರುತ್ತದೆ. ಶ್ರುತಿಯನ್ನು ಆಗಿಂದಾಗಲೇ ತಿದ್ದುವ ಯಂತ್ರವನ್ನೂ ಹಲವರು ಸ್ಟೇಜಿನಲ್ಲಿ ಬಳಸುತ್ತಾರೆ. 1997ರಲ್ಲಿ ಆಟೋ-ಟ್ಯೂನ್ ಬಂದ ಮೇಲೆ ಅದೊಂದು ಗುಟ್ಟೇನೂ ಅಲ್ಲ. ಇದನ್ನೆಲ್ಲ ಮೋಸ ಅನ್ನಬೇಕಾ ಎಂದು ಕೇಳಿದರೆ ನನ್ನ ಉತ್ತರ ‘ಇಲ್ಲ’, ಇಡೀ ಹಾಡಿಗೆ ತುಟಿ ಆಡಿಸಿದರೆ ‘ಹೌದು’. ನಿಮ್ಮದು ಬೇರೆ ಇರಬಹುದು.

ಸ್ಟೇಜಿನಲ್ಲಿ ನಡೆಯುವುದು ಎಷ್ಟು ಜೀವಂತ ಎನ್ನುವುದಕ್ಕೆ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಕೆಲವು ವರ್ಷದ ಕೆಳಗೆ ನಮ್ಮ ಕರಾವಳಿಯ ಒಂದು ಬೀಚಿನಲ್ಲಿ ಗಾಯಕರೊಬ್ಬರ ಕಾರ್ಯಕ್ರಮ, ಮಾನಿಟರ್ ಮಿಕ್ಸ್, ಅಂದರೆ ಗಾಯಕರ ಕಿವಿಗೆ ಹೋಗುವ ಸದ್ದು, ನನ್ನ ಕೈಯಲ್ಲಿತ್ತು. ಉಪ್ಪುಗಾಳಿಗೆ ಕೇಬಲಿನ ಪಿನ್ನುಗಳು ಮಂಕಾಗಿದ್ದವು, ಸಂಜೆಯೆಲ್ಲ ಒರೆಸಿ ಒರೆಸಿ ಸಾಕಾಗಿ, ಗಾಯಕರ ಸೊಂಟದ ರಿಸೀವರಿಗೆ ಹೊಸ ಸೆಲ್ ಹಾಕುವುದನ್ನೇ ಮರೆತೆ. ಮೂರನೇ ಹಾಡಿನ ಚರಣದಲ್ಲಿ ಅವರ ಕಿವಿ ಸತ್ತಿತು. ನನ್ನತ್ತ ಒಂದು ನೋಟ ಬೀರಿದರು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಒಂದು ಕಿವಿಯದ್ದನ್ನು ಕಿತ್ತರೆ ಅವರದೇ ಧ್ವನಿ ಮೈದಾನಕ್ಕೆ ಹೋಗಿ ತಡವಾಗಿ ವಾಪಸು ಬರುತ್ತಿದೆ, ಅದಕ್ಕೆ ಹೊಂದಿಸಿ ಹಾಡಿದರೆ ತಾಳ ಎಳೆಯುತ್ತದೆ. ಮನುಷ್ಯ ಏನು ಮಾಡಿದರು ಗೊತ್ತೇ? ಹಾಡು ನಿಲ್ಲಿಸಿ ಮೈಕನ್ನು ಜನರತ್ತ ಚಾಚಿದರು. ಇಡೀ ಬೀಚು ಹಾಡಿತು. ಅಷ್ಟರಲ್ಲಿ ನಾನು ಸ್ಟೇಜಿನ ಮೇಲೆ ತೆವಳಿಕೊಂಡು ಹೋಗಿ ಎರಡು ಸೆಲ್ ಬದಲಿಸಿ ಬಂದೆ. ಮರುದಿನ ಎಲ್ಲರ ಮೊಬೈಲಿನಲ್ಲೂ ಅದೇ ತುಣುಕು, ‘ಅಭಿಮಾನಿಗಳಿಗಾಗಿ ಹಾಡು ಬಿಟ್ಟುಕೊಟ್ಟ ಗಾಯಕ’ ಎಂದು. ಮೈಕಾಸುರನ ಕಾಟ ಯಕ್ಷಗಾನಕ್ಕೆ ಮಾತ್ರ ಅಂದುಕೊಂಡಿರಾ?

ವಿಡಿಯೊ ಒಡೆದದ್ದಕ್ಕೆ ಕಾರಣ ಚಿಕ್ಕದು. ಮೊಬೈಲಿನ ಮೈಕು ಮಾತಿಗೆ ಮಾಡಿದ್ದು. ಸಬ್ಬಿನ ಹೊಡೆತ ಅದರ ಮಿತಿಗೆ ಬಂದು ತಾಗಿದಾಗ ಅಲೆಯ ತುದಿ ಕತ್ತರಿಸಿ ಹೋಗುತ್ತದೆ, ಕತ್ತರಿಸಿದ್ದನ್ನು ಮತ್ತೆ ಪೂರ್ತಿ ಕೂಡಿಸುತ್ತೇನೆಂದು ಯಾವ ಆ್ಯಪ್ ಹೇಳಿದರೂ ನಂಬಬೇಡಿ. ಹಿಂದೆ ನಿಂತು ಒಂದೇ ಒಂದು ಹಾಡು ತೆಗೆಯಿರಿ, ಅದು ಚೆನ್ನಾಗಿ ಬರುತ್ತದೆ. ಉಳಿದದ್ದನ್ನು ತೆಗೆಯಲು ನಿಮ್ಮ ಸುತ್ತ ಸಾವಿರ ಕೈಗಳು ಮೇಲೆದ್ದಿರುತ್ತವೆ.

ನೆನಪಿನ ವಿಷಯದಲ್ಲಿ ನಾನು ತಜ್ಞನಲ್ಲ, ನೋಡಿದ್ದನ್ನು ಹೇಳುತ್ತೇನೆ. 2023ರಲ್ಲಿ ಟೇಲರ್ ಸ್ವಿಫ್ಟ್ ಅಮೆರಿಕದಲ್ಲಿ ಪ್ರವಾಸ ಹೊರಟಾಗ ಎಷ್ಟೋ ಅಭಿಮಾನಿಗಳು ನಿಮ್ಮದೇ ದೂರು ಹೇಳಿದರು: ಮೂರು ಗಂಟೆ ಅಲ್ಲಿದ್ದೆವು, ಮನೆಗೆ ಬಂದರೆ ಏನೂ ನೆನಪಿಲ್ಲ. ಉದ್ವೇಗ ಮಿತಿಮೀರಿದಾಗ ತಲೆ ಎಲ್ಲವನ್ನೂ ಬರೆದಿಟ್ಟುಕೊಳ್ಳುವುದಿಲ್ಲ. ಅದರ ಮೇಲೆ ಮಧ್ಯಾಹ್ನ ಎರಡರಿಂದ ನಿಂತಿದ್ದೀರಿ. ಶೌಚಾಲಯಕ್ಕೆ ಹೋದರೆ ಜಾಗ ಹೋಗುತ್ತದೆಂದು ನೀರೂ ಕುಡಿದಿರಲಿಕ್ಕಿಲ್ಲ. ಬ್ಯಾರಿಕೇಡ್ ಬಳಿ ನಮ್ಮ ಹುಡುಗರು ಎತ್ತಿ ಹೊರಗೆ ತರುವ ಹುಡುಗಿಯರಲ್ಲಿ ಮುಕ್ಕಾಲುಪಾಲು ಮಂದಿಯ ಕತೆ ಇದೇ. ಊರಿಗೆ ಬಂದ ಮೇಲೆ ಮನಸ್ಸು ಖಾಲಿ ಅನ್ನಿಸಿದ್ದರೆ, ನೀವು ಶಿರಸಿಯವರಿಗೆ ನಾನೇನು ಬಿಡಿಸಿ ಹೇಳಬೇಕು? ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಮುಗಿದ ಮಾರನೇ ದಿನ ಬಿಡಕಿಬೈಲಿನಲ್ಲಿ ನಡೆದು ನೋಡಿದವರು ನೀವು. ತೊಟ್ಟಿಲು ಬಿಚ್ಚುತ್ತಿರುತ್ತಾರೆ, ಕಾಲಿಗೆ ಬೆಂಡು ಬತ್ತಾಸಿನ ಕಾಗದ ತಾಗುತ್ತದೆ.

ಈಗ ಕಾರವಾರ. ಹೋಗಿ, ಖಂಡಿತ ಹೋಗಿ. ಸಾಮಾನ್ಯವಾಗಿ ಅಂಥ ಕಾರ್ಯಕ್ರಮ ನಡೆಯುವುದು ಟ್ಯಾಗೋರ್ ಕಡಲತೀರದ ಮಯೂರವರ್ಮ ವೇದಿಕೆಯಲ್ಲಿ. ಬನವಾಸಿಯ ರಾಜನ ಹೆಸರು ವೇದಿಕೆಗೆ, ಬಂಗಾಳದ ಕವಿಯ ಹೆಸರು ಮರಳಿಗೆ. ಅಲ್ಲಿ ಬೆಂಗಳೂರಿನ ಹಾಗೆ ದುಡ್ಡು ಕೊಟ್ಟು ಸ್ಟೇಜಿಗೆ ಒರಗುವ ಅವಕಾಶ ಸಿಗಲಿಕ್ಕಿಲ್ಲ. ಇಂಥ ತೆರೆದ ವೇದಿಕೆಗಳ ಮುಂಭಾಗದಲ್ಲಿ ಬಿಳಿ ಬಟ್ಟೆ ಹೊದಿಸಿದ ಸೋಫಾಗಳು ಬಂದು ಕೂತಿರುತ್ತವೆ. ಗಣ್ಯರು ಮೂರು ಹಾಡಿಗೇ ಎದ್ದು ಹೋದರೆ ಅವರಿಗೆ ಸಂಗೀತ ಹಿಡಿಸಲಿಲ್ಲ ಅಂತ ಬೈಯಬೇಡಿ, ಪಾಪ, ಆ ಸೋಫಾ ಇರುವುದು ಸಬ್ ಪೆಟ್ಟಿಗೆಯ ಎದುರು.

ನೀವು ಹುಡುಕಬೇಕಾದ್ದು ಸದ್ದುಗಳನ್ನೆಲ್ಲ ಬೆರೆಸುವ ಮಿಕ್ಸಿಂಗ್ ಕನ್ಸೋಲ್ ಇಟ್ಟ ಚಪ್ಪರ. ಜನರ ನಡುವೆ, ಸ್ಟೇಜಿಗೆ ನೇರವಾಗಿ, ಸಣ್ಣ ಕಟ್ಟೆಯ ಮೇಲೆ ಕಂಪ್ಯೂಟರ್ ಬೆಳಕಿನಲ್ಲಿ ಮುಖ ಸಿಂಡರಿಸಿಕೊಂಡು ಇಬ್ಬರು ಮೂವರು ನಿಂತಿರುತ್ತಾರೆ, ಅದೇ. ಸ್ಟೇಜಿನಿಂದ 25ರಿಂದ 40 ಮೀಟರ್ ದೂರದಲ್ಲಿರುತ್ತದೆ, ಮೊದಲು ಹೇಳಿದ 35 ಇದರೊಳಗೇ ಬಂತು. ಹಾಡಿನ ಪ್ರತಿ ಸ್ವರವನ್ನೂ ಅಲ್ಲಿ ನಿಂತವರ ಕಿವಿಗೆ ಒಪ್ಪುವ ಹಾಗೆ ಹದ ಮಾಡಿರುತ್ತಾರೆ. ಅದರ ಮುಂದೋ ಪಕ್ಕಕ್ಕೋ ನಿಂತುಬಿಡಿ. ಸಬ್‌ಗಳನ್ನು ಎಡಕ್ಕೊಂದು ಬಲಕ್ಕೊಂದು ಗುಂಪಾಗಿ ಇಟ್ಟಿದ್ದರೆ ಮೈದಾನದ ನಟ್ಟನಡುವಿನ ಗೆರೆಯಲ್ಲಿ ಗುದ್ದು ಜಾಸ್ತಿ ಇರುತ್ತದೆ, ಹಾಗನ್ನಿಸಿದರೆ ನಾಲ್ಕು ಹೆಜ್ಜೆ ಬದಿಗೆ ಸರಿಯಿರಿ. ಅಷ್ಟರಲ್ಲೇ ಬೇರೆ ಕಾರ್ಯಕ್ರಮಕ್ಕೆ ಬಂದ ಹಾಗಿರುತ್ತದೆ. ನಮ್ಮವರ ಕೈ ನೋಡಲು ಬಾಗಿ ‘ಅಣ್ಣಾ ಸೌಂಡ್ ಸ್ವಲ್ಪ ಜಾಸ್ತಿ ಮಾಡಿ’ ಎಂದು ಮಾತ್ರ ಹೇಳಬೇಡಿ.

ಬೀಚಿನಲ್ಲಿ ಇನ್ನೊಬ್ಬ ಸೌಂಡ್ ಎಂಜಿನಿಯರ್ ಇದ್ದಾನೆ, ಗಾಳಿ. ಹಗಲು ನೆಲ ಕಾದು ಕಡಲಿಂದ ಗಾಳಿ ಬೀಸುತ್ತದೆ, ಕತ್ತಲಾದ ಮೇಲೆ ಅದು ಸೋತು, ರಾತ್ರಿ ಬಲಿತಂತೆ ನೆಲದಿಂದ ಕಡಲಿಗೆ ತಿರುಗುತ್ತದೆ. ಗಾಳಿ ಸದ್ದನ್ನು ಹೊತ್ತುಕೊಂಡು ಹೋಗುತ್ತದೆ ಎನ್ನುವುದು ತಪ್ಪು ಕಲ್ಪನೆ. 345 ಮೀಟರ್ ವೇಗದ ಮುಂದೆ ನಾಲ್ಕೈದು ಮೀಟರಿನ ಗಾಳಿ ಯಾವ ಲೆಕ್ಕ? ಅದು ಮಾಡುವುದು ಬಗ್ಗಿಸುವ ಕೆಲಸ. ನೆಲದ ಹತ್ತಿರ ಗಾಳಿ ನಿಧಾನ, ಮೇಲೆ ಜೋರು. ಸ್ಟೇಜಿನ ಕಡೆಯಿಂದ ನಿಮ್ಮ ಕಡೆ ಬೀಸಿದರೆ ಸದ್ದು ಬಾಗಿ ನಿಮ್ಮ ಮೇಲೆ ಇಳಿಯುತ್ತದೆ. ನಿಮ್ಮ ಬೆನ್ನಿಂದ ಸ್ಟೇಜಿನತ್ತ ಬೀಸಿದರೆ ಮೇಲಕ್ಕೆ ಬಾಗಿ ತಲೆಯ ಮೇಲಿಂದ ಹಾರಿಹೋಗುತ್ತದೆ. ಗಾಳಿ ಬದಲಾಗುತ್ತಿದ್ದರೆ ಹಾಡು ಉಯ್ಯಾಲೆಯಲ್ಲಿ ಕೂತಂತೆ ಹತ್ತಿರ ಬಂದು ದೂರ ಹೋಗುತ್ತದೆ. ಕೆನ್ನೆಗೆ ಗಾಳಿ ಯಾವ ಕಡೆಯಿಂದ ತಾಗುತ್ತದೆ ನೋಡಿಕೊಳ್ಳಿ. ಬೆನ್ನಿಗೆ ಬೀಸುತ್ತಿದ್ದರೆ ಕನ್ಸೋಲಿಗಿಂತ ಮುಂದಿನ ಬದಿ ವಾಸಿ, ಎದುರಿಗೆ ಬೀಸುತ್ತಿದ್ದರೆ ಹಿಂದಿನ ಬದಿಯೂ ಆದೀತು.

ರಾತ್ರಿ ನೆಲ ತಣ್ಣಗಾದಾಗಲೂ ಹೀಗೇ. ತಂಪು ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಉಳಿದು ಸದ್ದು ಕೆಳಕ್ಕೆ ಬಾಗುತ್ತದೆ. ನಿಮ್ಮ ಕಡೆ ಚಳಿಗಾಲದ ರಾತ್ರಿ ಎರಡು ಗುಡ್ಡದಾಚೆಯ ಆಟದ ಚಂಡೆ ಮಂಚದ ಮೇಲೆ ಮಲಗಿದ್ದವರಿಗೆ ಕೇಳುತ್ತದಲ್ಲ, ಕಾರಣ ಇದು. ಊರವರು ಪೊಲೀಸರಿಗೆ ಫೋನ್ ಮಾಡುವುದಕ್ಕೂ ಇದೇ ಕಾರಣ. 2000ದ ಶಬ್ದಮಾಲಿನ್ಯ ನಿಯಮದಂತೆ ಬಯಲಿನ ಧ್ವನಿವರ್ಧಕಕ್ಕೆ ರಾತ್ರಿ ಹತ್ತೇ ಗಡಿ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ಹನ್ನೆರಡರ ತನಕ ಸಡಿಲಿಸಬಹುದು, ಅದೂ ವರ್ಷಕ್ಕೆ 15 ದಿನ ಮೀರುವಂತಿಲ್ಲ. ಭಾಷಣ ಎಳೆದಷ್ಟೂ ನಿಮ್ಮ ಗಾಯಕರ ಹಾಡು ಕಡಿಮೆಯಾಗುವುದು ಈ ಗಡಿಯಿಂದಾಗಿ.

ಜನಸಂದಣಿಯ ಬಗ್ಗೆ ಒಂದೇ ಮಾತು, ಆದರೆ ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಕೇರಂ ಬೋರ್ಡಿಗಿಂತ ತುಸು ದೊಡ್ಡ ಜಾಗದಲ್ಲಿ ಐದು ಜನ ನಿಂತರೆ ಅಲ್ಲಿಗೆ ಸಾಕು. ಅದಕ್ಕಿಂತ ಹೆಚ್ಚಾದರೆ ಜನ ನೀರಿನಂತೆ ಅಲೆಯಾಗಿ ಸರಿಯತೊಡಗುತ್ತಾರೆ, ಯಾರ ಕಾಲೂ ಅವರ ಮಾತು ಕೇಳುವುದಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತದ್ದು ಮರೆಯುವಂಥದ್ದಲ್ಲ. ಅಲೆ ಶುರುವಾದರೆ ಎರಡೂ ಕೈ ಎದೆಯ ಮುಂದೆ ಮಡಚಿ ಉಸಿರಾಡಲು ಜಾಗ ಮಾಡಿಕೊಳ್ಳಿ, ಅಲೆಗೆ ಎದುರು ನಿಲ್ಲದೆ ಓರೆಯಾಗಿ ಬದಿಗೆ ಸರಿಯಿರಿ, ಬಿದ್ದ ಫೋನ್ ಎತ್ತಲು ಬಗ್ಗಬೇಡಿ. ಇನ್ನು ರಾತ್ರಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಮರಳುವ ಸಾಹಸವೂ ಬೇಡ, ಕಾರವಾರದಲ್ಲೋ ಕುಮಟಾದಲ್ಲೋ ನೆಂಟರನ್ನು ನೆನಪು ಮಾಡಿಕೊಳ್ಳಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಸ್ಟೇಜಿನ ನಡುವೆ, ಗಾಯಕರ ಮೈಕಿನ ಮುಂದೆ, ದೀಪಗಳೆಲ್ಲ ಹೊತ್ತಿರುವಾಗ ನಾನು ನಿಂತದ್ದಿದೆ. ಎದುರಿನಿಂದ ಬರುವ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಮೂರು ನಾಲ್ಕು ಸಾಲಿನ ತನಕ ಮುಖಗಳು ಕಾಣುತ್ತವೆ, ಸ್ಪಷ್ಟವಾಗಿ, ಯಾರು ಅಳುತ್ತಿದ್ದಾರೆ ಯಾರು ಆಕಳಿಸುತ್ತಿದ್ದಾರೆ ಎಂದು ತಿಳಿಯುವಷ್ಟು. ಅದರಾಚೆ ಕತ್ತಲು, ಕತ್ತಲಲ್ಲಿ ಮೊಬೈಲಿನ ಚುಕ್ಕಿಗಳು, ಅಷ್ಟೇ. ಹತ್ತು ಸಾವಿರ ಜನ ಇದ್ದಾರೋ ಅಡಿಕೆ ತೋಟ ಇದೆಯೋ ಗೊತ್ತಾಗುವುದಿಲ್ಲ. ಹಾಗಾಗಿ ಬ್ಯಾರಿಕೇಡ್ ಹಿಡಿದು ನಿಂತಿದ್ದ ನೀವು ಅವರಿಗೆ ಕಂಡಿರಬಹುದಾ ಎಂದರೆ, ಕಂಡಿರಬಹುದು. ಹಾಡುಗಾರರಿಗೆ ಕಣ್ಣಿಡಲು ಒಂದು ಮುಖ ಬೇಕು, ತಮ್ಮ ಜೊತೆ ಸಾಹಿತ್ಯ ತಪ್ಪದೆ ಹಾಡುತ್ತಿರುವ ಮುಖವನ್ನೇ ಅವರು ಹುಡುಕುವುದು. ಎಷ್ಟೋ ಜನ ಗಾಯಕರು ಕಾರ್ಯಕ್ರಮದ ಮೇಲೆ ‘ಎಡಗಡೆ ಒಂದು ಹುಡುಗಿ ಪೂರ್ತಿ ಹಾಡಿದ್ಲು ನೋಡಿದ್ಯಾ’ ಎಂದು ನಮ್ಮ ಹತ್ತಿರ ಹೇಳಿದ್ದುಂಟು. ಅಪ್ಪನ ಮಾತನ್ನು ಇಲ್ಲಿ ಕೊಂಚ ತಿದ್ದಬೇಕು: ಮುಂದೆ ನಿಂತರೆ ನೀವು ಅವರಿಗೆ ಸಿಗುತ್ತೀರಿ, ಹಿಂದೆ ನಿಂತರೆ ಅವರ ಹಾಡು ನಿಮಗೆ ಸಿಗುತ್ತದೆ. ಬೆಂಗಳೂರಿನಲ್ಲಿ ಮೊದಲನೆಯದು ಆಯಿತು. ಕಾರವಾರದಲ್ಲಿ ಎರಡನೆಯದಕ್ಕೆ ಹೋಗಿ.

ಒಂದು ಗುಟ್ಟು ಹೇಳಿಬಿಡುತ್ತೇನೆ, ನಮ್ಮವರು ಬೈದರೂ ಅಡ್ಡಿಯಿಲ್ಲ. ಕಾರ್ಯಕ್ರಮ ರಾತ್ರಿಯದ್ದಾದರೂ ಸೌಂಡ್ ಚೆಕ್ ಮಧ್ಯಾಹ್ನದ್ದು. ಮೊದಲು ಡ್ರಮ್ ಒಂದೊಂದೇ ಬಡಿಯುತ್ತಾರೆ, ಅರ್ಧ ಗಂಟೆ ಅದೇ, ಬೇಸರ ಬರುತ್ತದೆ. ಆಮೇಲೆ ಗಿಟಾರು, ಕೀಬೋರ್ಡು. ಕೆಲವರು ತಮ್ಮ ಬದಲಿಗೆ ಬೇರೆಯವರನ್ನು ಕಳಿಸುತ್ತಾರೆ, ಆದರೆ ಶ್ರುತಿಯ ಬಗ್ಗೆ ಕಾಳಜಿ ಇರುವವರು ತಾವೇ ಬರುತ್ತಾರೆ. ಚಪ್ಪಲಿ ಹಾಕಿಕೊಂಡು, ಟೋಪಿಯಲ್ಲಿ, ಹೆಚ್ಚಿನವರಿಗೆ ಗುರುತೇ ಸಿಗದ ಹಾಗೆ. ‘ಚೆಕ್, ಚೆಕ್’ ಅಂದು, ಸಬ್ ಇನ್ನೂ ತಗ್ಗಿಸಿಟ್ಟಿರುವಾಗ, ಒಂದು ಪಲ್ಲವಿಯನ್ನು ಅರ್ಧ ಹಾಡಿ ನಿಲ್ಲಿಸಿ, ‘ಇನ್ನೊಂದ್ಸಲ’ ಎಂದು ಮತ್ತೆ ಮೊದಲಿನಿಂದ ಹಾಡುತ್ತಾರೆ. ಕುರ್ಚಿಗಳೆಲ್ಲ ಖಾಲಿ. ಮೈದಾನಕ್ಕೆ ಬಿಡದಿದ್ದರೂ ಬೇಲಿಯಾಚೆಯ ಮರಳಿನಲ್ಲಿ ಕೂರಲು ಟಿಕೆಟ್ ಬೇಡ. ಶಿರಸಿಯಿಂದ ಬೆಳಿಗ್ಗೆಯ ಬಸ್ಸೇ ಹಿಡಿಯಿರಿ, ಮೂರೂವರೆಗೆ ಅಲ್ಲಿರಬೇಕು. ಛತ್ರಿ ತನ್ನಿ, ಆ ಹೊತ್ತಿಗೆ ಅಲ್ಲಿ ಬಿಸಿಲು ಜೋರು.